ಇಂಟರ್‌ವಲ್ ಆದಮೇಲೆ

ಇಂಟರ್‌ವಲ್ ದೀಪ ಹತ್ತಿದ ಕೂಡಲೇ ಗುರುಪಾದಸ್ವಾಮಿ ಎದ್ದು ಬಾಗಿಲ ಕಡೆ ಹೆಜ್ಜೆ ಹಾಕಿಯೇಬಿಟ್ಟ. ಕಾಲಿಗೆ ಅದೇ ರೂಢಿ. ಆಮೇಲೆ ನೆನಪಾಯಿತು: ಇವತ್ತು ಬಸ್ಸಿನ ಅವಸರವಿಲ್ಲ, ಗಾಡಿಯಲ್ಲಿ ಬಂದಿದ್ದೇವೆ, ಹೆಂಗಸರ ಕಡೆ ಅವ್ವನೂ ಹೆಂಡತಿಯೂ ಕೂತಿದ್ದಾರೆ.

"ಏನ್ ಸಾ, ಇವತ್ತು ಅಗರದ ಬಸ್ಸು ಬುಟ್ಬುಟ್ರಾ?" ಗೇಟಿನ ಮಹದೇವಯ್ಯ ನಕ್ಕ. ಕೊಳ್ಳೇಗಾಲದ ಪೇಟೆಗೆ ಬಂದಾಗಲೆಲ್ಲ ಈ ಗಿರಾಕಿ ಮ್ಯಾಟಿನಿಗೆ ನುಗ್ಗುವುದೂ, ಅರ್ಧಕ್ಕೇ ಎದ್ದು ಓಡುವುದೂ ಅವನಿಗೆ ಗೊತ್ತು. ಓಡದೆ ಏನು ಮಾಡುವುದು? ಸಂಜೆಯ ಬಸ್ಸು ತಪ್ಪಿದರೆ ಮನೆಯಲ್ಲಿ ರೇಷ್ಮೆಹುಳಕ್ಕೆ ಉಪವಾಸ.

ಹೀಗಾಗಿ, ಸಿನಿಮಾ ಎಂದರೆ ಪ್ರಾಣ ಬಿಡುವ ಗುರುಪಾದ ಇಷ್ಟು ವರ್ಷದಲ್ಲಿ ಒಂದು ಚಿತ್ರದ ಕೊನೆಯನ್ನೂ ಕಂಡವನಲ್ಲ. ಹಾಗಂತ ಕೊನೆಯನ್ನು ಹೇಳದೆ ಬಿಟ್ಟವನೂ ಅಲ್ಲ. ಹುಳುಮನೆಯಲ್ಲಿ ತಟ್ಟೆಗಳಿಗೆ ಹಿಪ್ಪುನೇರಳೆ ಸೊಪ್ಪು ಉದುರಿಸುತ್ತ, ಅವ್ವ ದೊಡ್ಡಬಸಮ್ಮನಿಗೂ ಹೆಂಡತಿ ಚನ್ನಾಜಮ್ಮನಿಗೂ ಕಥೆ ಪೂರ್ತಿ ಹೇಳುತ್ತಿದ್ದ. ಮೊದಲರ್ಧ ತೆರೆಯ ಮೇಲಿನದು, ಉಳಿದರ್ಧ ಸ್ವಂತದ್ದು. ಅವನ ಉಳಿದರ್ಧದಲ್ಲಿ ಕಳ್ಳನಿಗೆ ಬುದ್ಧಿ ಬರುತ್ತಿತ್ತು, ಕಾಣೆಯಾದ ಮಗ ಹಬ್ಬದೂಟದ ಹೊತ್ತಿಗೆ ಸರಿಯಾಗಿ ಬಂದು ಎಲೆಯ ಮುಂದೆ ಕೂರುತ್ತಿದ್ದ, ಯಾರೂ ಸಾಯುತ್ತಿರಲಿಲ್ಲ. ಮನೆಮಂದಿಯೆಲ್ಲ ಕೂತು ಕೇಳುತ್ತಿರುವಾಗ ಸಾಯಿಸುವುದಕ್ಕೆ ಮನಸ್ಸಾದರೂ ಹೇಗೆ ಬರುತ್ತದೆ?

ಇವತ್ತಿನ ಈ ಚಿತ್ರದ ಕಥೆ ಮಾತ್ರ ದೊಡ್ಡ ಕೆಲಸವನ್ನೇ ಮಾಡಿತ್ತು. ಮಕ್ಕಳಾಗಲಿಲ್ಲವೆಂದು ಅತ್ತೆ ಸೊಸೆಯನ್ನು ತವರಿಗೆ ಅಟ್ಟುವಲ್ಲಿಗೆ ಮೊದಲರ್ಧ ಮುಗಿದಿತ್ತು. ಉಳಿದದ್ದನ್ನು ಗುರುಪಾದ ಹೆಣೆದ: ಅತ್ತೆಯ ಮನಸ್ಸು ಕರಗಿತು, ತಾನೇ ಗಾಡಿ ಕಟ್ಟಿಸಿಕೊಂಡು ಹೋಗಿ ಸೊಸೆಯನ್ನು ಕರೆತಂದಳು. ಹೆಣೆಯುವಾಗ ಅವನ ಕಣ್ಣು ಚನ್ನಾಜಮ್ಮನ ಮೇಲಿತ್ತು. ಮದುವೆಯಾಗಿ ವರ್ಷಗಳಾದರೂ ಅವರ ಮನೆಯಲ್ಲಿ ತೊಟ್ಟಿಲು ಕಟ್ಟಿರಲಿಲ್ಲ. ಯಳಂದೂರಿನಲ್ಲಿ ಇನ್ನೊಂದು ಹೆಣ್ಣಿದೆ ಎಂದು ದೊಡ್ಡಬಸಮ್ಮ ಆಗಲೇ ಮಾತು ತೆಗೆದಿದ್ದಳು. ಈ ಕಥೆ ಕೇಳಿದ ಮೇಲೆ ಯಳಂದೂರಿನ ಸುದ್ದಿ ತಾನಾಗಿ ನಿಂತಿತು. ಬದಲಿಗೆ, ರೇಷ್ಮೆಗೂಡು ಬಿಡಿಸಿ ಕೈ ಬಿಡುವಾದ ಕೂಡಲೇ, "ಆ ಅತ್ತೇನ ನಾನೂ ಒಂದ್ಸಲ ಕಣ್ತುಂಬ ನೋಡ್ಬೇಕು, ಗಾಡಿ ಕಟ್ಲಾ" ಎಂದು ಅವ್ವ ಹಟ ಹಿಡಿದಳು. ಬೇಡವೆನ್ನಲು ಗುರುಪಾದನಿಗೆ ನೆವ ಸಿಗಲಿಲ್ಲ.

"ಮಹದೇವಯ್ಯ, ಆ ಸೊಸೆ ಕೊನೇಗೆ ಏನಾಯ್ತಾಳೆ?" ಮೆಲ್ಲಗೆ ಕೇಳಿದ.

"ಕೂತು ನೋಡಿ ಸಾ, ಗೊತ್ತಾಯ್ತದೆ. ಟವಲ್ ತಂದಿದ್ದೀರಾ?"

ಹೆಂಗಸರ ಕಡೆಯನ್ನು ಬೇರೆ ಮಾಡುವ ಅಡ್ಡಹಲಗೆಯ ಮೇಲಿಂದ ಕಡಲೆಕಾಯಿ ಪೊಟ್ಟಣ ಕೊಡಹೋದಾಗ ಅವ್ವನ ಮುಖ ಅರಳಿತ್ತು. "ಎಲ್ಲಾ ನೀ ಯೇಳ್ದಂಗೇ ಅದೆ ಕಣ್ಲಾ. ಇನ್ ಗಾಡಿ ಕಟ್ಟುಸ್ತಾಳೆ, ಅಲ್ವಾ?"

"ಕಟ್ಟುಸ್ತಾಳೆ ಕಣವ್ವ" ಎಂದ.

ಗಾಡಿ ಕಟ್ಟಿಸಿದಳು, ಅದೇನೋ ನಿಜ. ಮಗನ ಎರಡನೇ ಮದುವೆಯ ದಿಬ್ಬಣಕ್ಕೆ. ಹೊಸ ಸೊಸೆಗೆ ಗಂಡುಮಗುವಾಯಿತು. ಹಳೆಯ ಸೊಸೆ ಆ ಮಗುವಿನ ಮುಖವನ್ನು ಕಿಟಕಿಯಾಚೆಯಿಂದ ನೋಡಿ, ಹರಸಿ, ಹೊಳೆಗೆ ಇಳಿದಳು. ಇಡೀ ಟಾಕೀಸು ಮೂಗೊರೆಸಿಕೊಂಡಿತು. ಗುರುಪಾದ ತೆರೆಯನ್ನು ಬಿಟ್ಟು ಹೆಂಗಸರ ಕಡೆಗೇ ನೋಡುತ್ತಿದ್ದ. ಅವ್ವನ ನರೆತ ತಲೆ ಅಲ್ಲಾಡಲಿಲ್ಲ. ತೆರೆಯ ಮೇಲಿನ ಅತ್ತೆ ಮೊಮ್ಮಗನನ್ನು ಎತ್ತಿ ಮುದ್ದಾಡುತ್ತಿದ್ದಳು. ಇನ್ನು ಯಳಂದೂರಿನ ಹೆಣ್ಣು ಮನೆಗೆ ಬಂದ ಹಾಗೆಯೇ, ಅದಕ್ಕೆ ದಾರಿ ತೋರಿಸಿದವನು ನಾನೇ ಎಂದುಕೊಂಡ.

ವಾಪಸು ಬರುವಾಗ ಗಾಡಿಯನ್ನು ಗುರುಪಾದನೇ ಹೊಡೆಯುತ್ತಿದ್ದ. ಅರ್ಧ ದಾರಿ ಕಳೆದ ಮೇಲೆ ದೊಡ್ಡಬಸಮ್ಮ ಕೇಳಿದಳು.

"ಲೇ, ಈ ಪಿಚ್ಚರ್ನ ನೀ ಪೂರ್ತಿ ನೋಡಿದ್ದೇನ್ಲಾ?"

"ಇಲ್ಲ ಕಣವ್ವ. ಬಸ್ಸಿಗೆ ಒತ್ತಾಗಿತ್ತು."

"ಮತ್ತೆ ಗಾಡಿ ಕಟ್ಟುಸ್ಕಂಡು ಓದ್ಲು ಅಂದ್ಯಲ್ಲ, ಅದ್ಯಾರು?"

ಗುರುಪಾದ ಎತ್ತಿನ ಬೆನ್ನು ನೋಡುತ್ತ ಕೂತ. "ಓಗ್ಲಿ ಅಂತ ನಂಗೆ ಆಸೆ ಇತ್ತು ಕಣವ್ವ."

ಚನ್ನಾಜಮ್ಮ ಸೆರಗನ್ನು ಇನ್ನಷ್ಟು ಮುಂದಕ್ಕೆ ಎಳೆದುಕೊಂಡಳು.

ಅಗರದಲ್ಲಿ ಗಾಡಿ ನಿಂತಾಗ, ಇವರ ದನಕರು ನೋಡಿಕೊಂಡಿದ್ದ, ಸೊಸೆಯನ್ನು ತವರಿಗೆ ಅಟ್ಟುವ ತನಕದ ಕಥೆ ಆಗಲೇ ಕೇಳಿದ್ದ ಪಕ್ಕದ ಮನೆಯ ಚಿಕ್ಕನಿಂಗಮ್ಮ ಜಗಲಿಯಲ್ಲೇ ಕಾಯುತ್ತಿದ್ದಳು. ಗಾಡಿ ಇಳಿಯುವುದಕ್ಕೂ ಬಿಡಲಿಲ್ಲ. "ಎಂಗಿತ್ತಕ್ಕ ಪಿಚ್ಚರು? ಆ ಮಕ್ಕಳಿಲ್ದ ಸೊಸೆ ಏನಾದ್ಲು?"

ನೊಗ ಬಿಚ್ಚುತ್ತಿದ್ದ ಗುರುಪಾದನ ಕೈ ನಿಂತಿತು.

ದೊಡ್ಡಬಸಮ್ಮ ಸೊಸೆಯ ಹೆಗಲು ಹಿಡಿದು ನಿಧಾನವಾಗಿ ಕೆಳಗಿಳಿದಳು. "ಏನಾಯ್ತಾಳೆ? ಅತ್ತೆ ಗಾಡಿ ಕಟ್ಟುಸ್ಕಂಡು ಓದ್ಲು, ಕರ್ಕಂಡು ಬಂದ್ಲು."

"ಮಕ್ಕಳು ಆಗ್ದಿದ್ರೂವೆ?"

"ಆಗ್ದಿದ್ರೂವೆ."

ಗುರುಪಾದನಿಗೆ ಹೋದ ಜೀವ ಬಂದಂತಾಯಿತು. ಹಗ್ಗ ಬಿಚ್ಚುವ ನೆವದಲ್ಲಿ ಎತ್ತಿನ ಕೊರಳಿಗೆ ಮುಖ ಒತ್ತಿಕೊಂಡ. ಮಹದೇವಯ್ಯ ಹೇಳಿದ್ದ ಟವಲು ಈಗ ಬೇಕಾಗಿತ್ತು.

ಚಿಕ್ಕನಿಂಗಮ್ಮನಿಗೆ ಇನ್ನೂ ಸಂಶಯ. "ದಿಟವಾಗ್ಲೂ ಅಂಗೇ ಇತ್ತಾ ಅಕ್ಕ?"

"ನಾನೇನ್ ಇವನಂಗೆ ಅರ್ಧಕ್ಕೆ ಎದ್ದು ಬಂದೋಳಾ?" ದೊಡ್ಡಬಸಮ್ಮ ಸೊಸೆಯ ಕೈ ಬಿಡದೆ ಹೊಸಿಲು ದಾಟಿದಳು. "ಕೊನೇ ತನಕ ಕೂತು, ಈ ಕಣ್ಣಲ್ಲೇ ನೋಡಿವ್ನಿ ಕಣವ್ವ."