ಕರುವಿನ ಪಾಲು

ತೆರೆಯ ಮೇಲಿನ ಹುಡುಗಿ ಅಳಲಿಲ್ಲ. ಅವಳನ್ನು ಮದುವೆಯಾಗಬೇಕಿದ್ದ ಲಾರಿ ಡ್ರೈವರು ಇನ್ನು ಬರುವುದಿಲ್ಲ, ಸೇತುವೆಯಿಂದ ಉರುಳಿದ ಲಾರಿಯ ಜೊತೆಗೇ ಹೋದ ಎಂದು ಅವನ ಗೆಳೆಯ ಕೊಟ್ಟಿಗೆಗೆ ಬಂದು ಹೇಳಿ ಹೋದ ಮೇಲೂ ಅವಳು ಕುಕ್ಕರಗಾಲಿನಲ್ಲಿ ಕೂತು ಹಾಲು ಹಿಂಡುತ್ತಲೇ ಇದ್ದಳು. ಪಾತ್ರೆಗೆ ಬೀಳುವ ಹಾಲಿನ ಸದ್ದು ತೆಳುವಾಗುತ್ತ ಬಂತು, ಆಮೇಲೆ ನಿಂತೇಹೋಯಿತು. ಕೈ ಮಾತ್ರ ನಿಲ್ಲಲಿಲ್ಲ. ಬತ್ತಿದ ಮೊಲೆಯನ್ನು ಎಳೆಯುತ್ತಲೇ ಇತ್ತು. ಮ್ಯಾಟಿನಿ ಆಟಕ್ಕೆ ತುಂಬಿ ಕೂತಿದ್ದ ಜನರಲ್ಲಿ ಒಬ್ಬರೂ ಕೆಮ್ಮಲಿಲ್ಲ.

ಆ ಹುಡುಗಿಯಾಗಿ ನಟಿಸಿದವಳು ಮಧ್ಯದ ಸಾಲಿನಲ್ಲಿ, ತನ್ನ ತಾಯಿಯ ಪಕ್ಕದಲ್ಲೇ ಇದ್ದಳು. ಅವಳು ತೆರೆಯನ್ನು ನೋಡುತ್ತಿರಲಿಲ್ಲ, ತಾಯಿಯ ಮುಖ ನೋಡುತ್ತಿದ್ದಳು. ಮಗಳ ಚಿತ್ರ ಯಾವುದನ್ನೂ ತಾಯಿ ಇದುವರೆಗೆ ನೋಡಿದವಳಲ್ಲ. ದನ ಬಿಟ್ಟು ಬರುವುದು ಹೇಗೆ ಎನ್ನುವುದು ಪ್ರತಿಸಲದ ನೆವ. ಈ ಸಲ ಮಗಳೇ ಊರಿಗೆ ಹೋಗಿ, ಸಂಜೆ ಹಾಲು ಕರೆಯುವ ಹೊತ್ತಿಗೆ ಮನೆ ಮುಟ್ಟಿಸುತ್ತೇನೆಂದು ಮಾತು ಕೊಟ್ಟು ಕರೆತಂದಿದ್ದಳು. ಪಕ್ಕದ ಮನೆಯಲ್ಲಿರುವ ಅತ್ತೆಯೂ, ಅಂದರೆ ತಾಯಿಯ ಅಣ್ಣನ ಹೆಂಡತಿಯೂ, ಕರೆಯದೆಯೇ ಹೊರಟು ನಿಂತಿದ್ದಳು.

ತಾಯಿ ಕಣ್ಣು ಮಿಟುಕಿಸದೆ ತೆರೆಯ ಮೇಲಿನ ಆ ಕೈಯನ್ನೇ ನೋಡುತ್ತಿದ್ದಳು. ಒಂದು ಸಲ ಅವಳ ಬಲಗೈ ಮಡಿಲಿನಿಂದ ತಾನಾಗಿ ಮೇಲೆದ್ದಿತು. "ಸಾಕು, ಬಿಡು," ಎಂದಳು ಮೆಲ್ಲಗೆ.

ಆಟ ಬಿಟ್ಟ ಮೇಲೆ ಮೆಟ್ಟಿಲ ಹತ್ತಿರ ಜನ ಮಗಳನ್ನು ಗುರುತು ಹಿಡಿದರು. ಒಬ್ಬ ಹೆಂಗಸು ಅವಳ ಕೈಯನ್ನು ಕೆನ್ನೆಗೊತ್ತಿಕೊಂಡು ಹೋದಳು. ಅಳದೆಯೇ ನಮ್ಮನ್ನೆಲ್ಲ ಅಳಿಸಿದಿರಲ್ಲ, ಇದನ್ನು ಯಾರು ಕಲಿಸಿದರು ಎಂದು ಇನ್ನೊಬ್ಬ ಕೇಳಿದ. ಎಲ್ಲ ನಿರ್ದೇಶಕರು ಎಂದು ಮಗಳು ನಕ್ಕಳು, ತಾಯಿಯ ಕಡೆ ತಿರುಗದೆ. ಅತ್ತೆಯ ಮೂಗು ಅತ್ತು ಅತ್ತು ಕೆಂಪಾಗಿತ್ತು. ಹೊರಡೋ ಮುಂಚೆ ಬ್ರೇಕು ನೋಡಿಕೊಳ್ಳೋಕೆ ಆ ಡ್ರೈವರಿಗೇನು ಬಂದಿತ್ತು ದೊಡ್ಡ ರೋಗ ಎಂದು ಅವಳು ಇನ್ನೂ ಬೈಯುತ್ತಿದ್ದಳು. ಬೈಯುತ್ತ ನಾದಿನಿಯ ಕಣ್ಣೀರಿಲ್ಲದ ಮುಖ ನೋಡಿದಳು.

"ನೀನೇನೇ, ಕಲ್ಲು ತಿಂದು ಹುಟ್ಟಿದ್ಯಾ? ಗಂಡ ಸತ್ತಾಗ್ಲೂ ಅಳ್ಲಿಲ್ಲ, ಇಲ್ಲೂ ಅಳ್ಲಿಲ್ಲ."

ಅಷ್ಟು ಚುಚ್ಚಿ, ಬಸ್ಸು ಬರುವುದರೊಳಗೆ ಒಂದು ಟೀ ಕುಡಿದು ಬರುತ್ತೇನೆಂದು ರಸ್ತೆ ದಾಟಿ ಹೋದಳು. ಕಾರು ಹತ್ತಿದರೆ ತಾಯಿಗೆ ವಾಂತಿ. ಹಾಗಾಗಿ ಬಸ್ಸೇ ಆಗಬೇಕಿತ್ತು.

ನಿಲ್ದಾಣದ ಕಲ್ಲುಬೆಂಚಿನ ಮೇಲೆ ಇಬ್ಬರೂ ಕೂತರು. ತಾಯಿ ಏನಾದರೂ ಅನ್ನಲಿ ಎಂದು ಮಗಳು ಕಾದಳು. ಆ ದೃಶ್ಯ ತೆಗೆಯುವ ದಿನ, ಎದೆ ಬಡಿದುಕೊಂಡು ಅಳಬೇಕು ಎಂದು ನಿರ್ದೇಶಕರು ಹೇಳಿದ್ದರು. ಮೇಕಪ್ಪಿನವನು ಗ್ಲಿಸರಿನ್ ಹಿಡಿದು ನಿಂತಿದ್ದ. ಒಂದು ಸಲ ನನ್ನ ರೀತಿ ಮಾಡುತ್ತೇನೆ, ಬೇಡವೆನಿಸಿದರೆ ಬಿಸಾಡಿ ಎಂದು ಅವಳೇ ಹೋಗಿ ಹಸುವಿನ ಬುಡದಲ್ಲಿ ಕೂತಿದ್ದಳು. ತಾಯಿಯನ್ನು ಕೇಳಿರಲಿಲ್ಲ. ಕೇಳುವುದು ಹೇಗೆ? ಅಪ್ಪ ಸತ್ತ ಸಂಜೆಯ ಮಾತನ್ನು ಆ ಮನೆಯಲ್ಲಿ ಯಾರೂ ಎತ್ತಿದ್ದೇ ಇಲ್ಲ.

"ಹೆಬ್ಬೆರಳು ಒಳಗೆ ಮಡಿಸ್ಕೊಂಡು ಹಿಂಡಿದ್ಯಲ್ಲ," ಎಂದಳು ತಾಯಿ ಕೊನೆಗೆ. "ಹಂಗೆ ಹಿಂಡಬಾರ್ದು. ಹಸುಗೆ ನೋವಾಗುತ್ತೆ."

"ಗೊತ್ತಮ್ಮ."

"ಕರುವಿಗೆ ಬಿಡೋ ಮೊಲೇನೂ ಬಿಡ್ಲಿಲ್ಲ ನೀನು."

"ಅದೂ ಗೊತ್ತು."

ಹಸು ಕಟ್ಟಿದ ದಿನದಿಂದ ಒಂದು ಮೊಲೆಯನ್ನು ಕರುವಿಗೆಂದು ಬಿಟ್ಟೇ ಹಾಲು ಕರೆದವಳು ತಾಯಿ. ಹೆಬ್ಬೆರಳು ಮಡಿಸಿ ಹಿಂಡುವ ಆಳುಗಳನ್ನು ಬೈದು ಎಬ್ಬಿಸಿದವಳು. ಎರಡು ತಪ್ಪನ್ನೂ ಒಟ್ಟಿಗೆ ಮಾಡಿದ್ದು ಬದುಕಿನಲ್ಲಿ ಒಂದೇ ಸಲ, ಗಂಡನ ಸುದ್ದಿ ಬಂದ ಸಂಜೆ. ಅಂದು ಕರು ಹಸಿದು ಬೆಳಗಿನವರೆಗೆ ಕೂಗಿತ್ತು. ಸಾವಿನ ಮನೆಯಲ್ಲಿ ಕರುವಿನ ಕೂಗು ಯಾರ ಕಿವಿಗೂ ಬೀಳಲಿಲ್ಲ. ತಾನು ಹಾಗೆ ಕೂತಿದ್ದನ್ನು ಕಂಡದ್ದು ಆ ಮೂಕಪ್ರಾಣಿ ಒಂದೇ ಎಂದು ಅವಳು ಇಷ್ಟು ವರ್ಷ ನಂಬಿಕೊಂಡು ಬಂದಿದ್ದಳು.

"ನಿನ್ನನ್ನ ಅತ್ತೆ ಮನೇಲಿ ಮಲಗಿಸಿದ್ವಲ್ಲೇ ಅವತ್ತು."

"ಎದ್ದು ಬಂದಿದ್ದೆ."

"ಎಲ್ಲಿದ್ದೆ ಹಂಗಾದ್ರೆ?"

"ಕೊಟ್ಟಿಗೆ ಬಾಗಿಲಲ್ಲೇ ಇದ್ದೆ. ನೀನು ಪಾತ್ರೆ ಎತ್ಕೊಂಡು ನನ್ನ ದಾಟ್ಕೊಂಡು ಹೋದೆ."

ಮಗಳ ದನಿಯಲ್ಲಿ ದೂರು ಇರಲಿಲ್ಲ. ಬೇರೆ ಊರಿನ ಬಸ್ಸೊಂದು ಬಂದು, ನಾಲ್ಕು ಜನರನ್ನು ಇಳಿಸಿ ಹೋಯಿತು. ತಾಯಿ ಮಗಳ ಬಲಗೈಯನ್ನು ತೆಗೆದು ತನ್ನ ಮಡಿಲಲ್ಲಿಟ್ಟುಕೊಂಡು, ಹೆಬ್ಬೆರಳನ್ನು ನೀವಿ ನೆಟ್ಟಗೆ ಮಾಡಿದಳು. ನೆಟ್ಟಗೇ ಇದ್ದುದನ್ನು ಮತ್ತೆ ಮತ್ತೆ ನೀವಿದಳು.

"ಸಿನಿಮಾದಲ್ಲಿ ಬಾಗಿಲಲ್ಲಿ ಯಾರೂ ಇರ್ಲಿಲ್ಲ," ಎಂದಳು.

"ಶೂಟಿಂಗಲ್ಲಿ ಒಂದು ಮಗು ನಿಂತಿತ್ತಮ್ಮ," ಎಂದಳು ಮಗಳು. "ಜನರ ಕಣ್ಣು ನನ್ನ ಬಿಟ್ಟು ಅದರ ಕಡೆ ಹೋಗುತ್ತೆ ಅಂತ, ಆಮೇಲೆ ಕತ್ತರಿಸಿಬಿಟ್ರು."