ಗುಳಿಗೆಯ ಹೆಸರು

ಟೋರ್ಕಿಲ್ಡ್ ಎದೆ ಹಿಡಿದುಕೊಂಡು ಅಡುಗೆಮನೆಯ ನೆಲದ ಮೇಲೆ ಕುಸಿದಾಗ ಭಾನುವಾರ ಬೆಳಗಿನ ಒಂಬತ್ತು ಗಂಟೆ. ಬೇಕರಿಯಿಂದ ಬಿಸಿ ಬನ್ನು ತಂದು ಆಗತಾನೆ ಒಳಗೆ ಕಾಲಿಟ್ಟಿದ್ದ ಮಗಳು ಮಾಲೆನೆ ಆಂಬುಲೆನ್ಸಿಗೆ ಫೋನು ಮಾಡಿದಳು. ಅವನ ಬೆನ್ನಿಗೆ ಆಸರೆಯಾಗಿ ಕೂತವಳು ಅವನ ಗೆಳತಿ ಇಂಗೆಲಿಸೆ. ಅರವತ್ತೆಂಟರ ಆಕೆ ತೊಟ್ಟಿದ್ದದ್ದು ಟೋರ್ಕಿಲ್ಡನ ನಿಲುವಂಗಿ. ಮಾಲೆನೆ ಅವಳ ಮುಖವನ್ನೂ ನೋಡಲಿಲ್ಲ.

ಆಂಬುಲೆನ್ಸಿನಿಂದ ಇಳಿದ ಹೆಂಗಸು ಅವನ ಎದೆಗೆ ತಂತಿಗಳನ್ನು ಅಂಟಿಸಿದಳು. ಚೀಲದಿಂದ ಪುಟ್ಟ ಸ್ಪ್ರೇ ಬಾಟಲಿ ತೆಗೆದಳು.

"ಎದೆನೋವಿಗೆ ಇದನ್ನ ನಾಲಿಗೆ ಕೆಳಗೆ ಹೊಡೀತೀನಿ. ಅದಕ್ಕೆ ಮುಂಚೆ ಒಂದು ಪ್ರಶ್ನೆ, ಎಲ್ಲ ಗಂಡಸರನ್ನೂ ಕೇಳ್ತೀವಿ. ಈ ಎರಡು ಮೂರು ದಿನದಲ್ಲಿ ನಿಮಿರುವಿಕೆಯ ಗುಳಿಗೆ ಏನಾದ್ರೂ ತಗೊಂಡಿದ್ದೀರಾ?"

ಟೋರ್ಕಿಲ್ಡ್ ಮಗಳ ಕಡೆ ನೋಡಿದ. "ಇಲ್ಲ."

"ತಗೊಂಡಿದಾನೆ," ಎಂದಳು ಇಂಗೆಲಿಸೆ. "ನಿನ್ನೆ ಸಂಜೆ ಏಳಕ್ಕೆ."

"ಅಪ್ಪ ಇಲ್ಲ ಅಂತಿದಾರಲ್ಲ," ಮಾಲೆನೆ ಇಂಗೆಲಿಸೆಯ ಕಡೆ ತಿರುಗಿದಳು. "ಅಮ್ಮ ಹೋಗಿ ಎರಡು ವರ್ಷ ಆಗಿಲ್ಲ. ನಿಮಗೆ ಸ್ವಲ್ಪಾನೂ ನಾಚಿಕೆ ಇಲ್ವಾ?"

"ನಾಚಿಕೊಳ್ಳೋಕೆ ಆಮೇಲೆ ಬೇಕಾದಷ್ಟು ಹೊತ್ತಿದೆ. ಇವನ ಮಾನ ಉಳಿಸೋಕೆ ಹೋಗಿ ಇವನನ್ನೇ ಕಳಕೊಳ್ಳೋಕೆ ನಾನು ತಯಾರಿಲ್ಲ. ಟೋರ್ಕಿಲ್ಡ್, ನಿಜ ಹೇಳು."

ಅವನು ಕಣ್ಣು ಮುಚ್ಚಿ ಹೌದೆಂದು ತಲೆಯಾಡಿಸಿದ. ಆಂಬುಲೆನ್ಸಿನ ಹೆಂಗಸು ಸ್ಪ್ರೇಯನ್ನು ಮತ್ತೆ ಚೀಲಕ್ಕೆ ಹಾಕಿದಳು. "ಎರಡೂ ಸೇರಿದ್ರೆ ರಕ್ತದೊತ್ತಡ ಪಾತಾಳಕ್ಕಿಳಿಯುತ್ತೆ, ಜೀವಾನೇ ಹೋಗಬಹುದು. ಗುಳಿಗೆ ಬರೆದುಕೊಟ್ಟ ಡಾಕ್ಟರ್ ಹೇಳಲಿಲ್ವಾ?"

"ಡಾಕ್ಟರಲ್ಲ," ಟೋರ್ಕಿಲ್ಡ್ ಉಸಿರು ಎಳೆದುಕೊಂಡ. "ಮೀನುದೋಣಿಯ ಗೆಳೆಯ ಕೊಟ್ಟಿದ್ದು."

ಆಸ್ಪತ್ರೆಯಲ್ಲಿ ಅವನ ಹೃದಯದ ಕಟ್ಟಿಕೊಂಡಿದ್ದ ರಕ್ತನಾಳವನ್ನು ತೆರೆದರು. ಮೂರನೆಯ ದಿನ ವಾರ್ಡಿನ ಬಾಗಿಲಲ್ಲಿ ಮಾಲೆನೆ ಇಂಗೆಲಿಸೆಯನ್ನು ತಡೆದು ಕೇಳಿದಳು: "ಈ ವಯಸ್ಸಲ್ಲಿ ಇದೆಲ್ಲ ಬೇಕಾ? ಇನ್ನಾದ್ರೂ ನಿಲ್ಲಿಸ್ತೀರಾ?"

"ಗೆಳೆಯನ ಗುಳಿಗೆ ನಿಲ್ಲುತ್ತೆ. ನಾವು ನಿಲ್ಲಲ್ಲ."

ಮಾಲೆನೆ ಬಾಗಿಲಿನಿಂದ ಸರಿದು ದಾರಿ ಬಿಟ್ಟಳು.

ಒಳಗೆ ನರ್ಸ್ ಹಾಳೆ ಹಿಡಿದು ನಿಂತಿದ್ದಳು. ನಾಲ್ಕು ಹಾಸಿಗೆ, ನಡುವೆ ಬರೀ ಪರದೆ. "ಮನೇಲಿ ತಗೊಳ್ತಿದ್ದ ಔಷಧಿಗಳನ್ನೆಲ್ಲ ಹೇಳಿ," ಎಂದು ತಗ್ಗಿದ ದನಿಯಲ್ಲಿ ಕೇಳಿದಳು.

ಟೋರ್ಕಿಲ್ಡ್ ತಲೆದಿಂಬಿಗೆ ಒರಗಿ ನೆಟ್ಟಗೆ ಕೂತ. ಬಿರುಗಾಳಿಯಲ್ಲಿ ಬಲೆ ಎಳೆಯುವವರಿಗೆ ಕೂಗಿ ಹೇಳುತ್ತಿದ್ದ ಗಂಟಲಿನಲ್ಲಿ ಗುಳಿಗೆಯ ಹೆಸರು ಹೇಳಿದ. ಎಷ್ಟು ಮಿಲಿಗ್ರಾಮ್ ಎಂಬುದನ್ನೂ ಹೇಳಿದ. "ಬರ್ಕೊಳ್ಳಿ. ಮತ್ತೆ ಯಾವಾಗ ತಗೋಬಹುದು ಅಂತಾನೂ ಹೇಳಿ."

"ಎದೆನೋವಿನ ಸ್ಪ್ರೇ ಬಳಸ್ತಾ ಇರೋವರೆಗೂ ಆ ಗುಳಿಗೆ ಮುಟ್ಟಬೇಡಿ. ಮುಂದಿನದ್ದು ಹೃದಯದ ಡಾಕ್ಟರ್ ಪರೀಕ್ಷೆ ಮಾಡಿ ಹೇಳ್ತಾರೆ. ಬೇರೆ ದಾರಿನೂ ಇದೆ. ಇಬ್ಬರೂ ಜೊತೇಲಿ ಬನ್ನಿ."

"ಬರ್ತೀವಿ," ಎಂದಳು ಇಂಗೆಲಿಸೆ.

ಪಕ್ಕದ ಪರದೆಯ ಆಚೆ ಯಾರೋ ಕೆಮ್ಮಿದರು. ಹಾಸಿಗೆ ಕಿರುಗುಟ್ಟಿತು. ಮುದಿದನಿಯೊಂದು ಮೆಲ್ಲಗೆ ಕರೆಯಿತು:

"ಸಿಸ್ಟರ್, ನನ್ನ ಹಾಳೇನೂ ಸ್ವಲ್ಪ ತಿದ್ದಬೇಕು. ನಿನ್ನೆ ನೀವು ಕೇಳಿದಾಗ ಹೆಂಡತಿ ಪಕ್ಕದಲ್ಲಿದ್ಲು."