ಅಜ್ಜಿಯ ಚಪ್ಪಲಿ

ನನ್ನ ಒಂಬತ್ತು ಪ್ರೇಮಕಾದಂಬರಿಗಳಲ್ಲೂ ನಾಯಕ ಒಂದು ಕೆಲಸ ತಪ್ಪದೆ ಮಾಡುತ್ತಾನೆ. ನಾಯಕಿ ಸುಲಭವಾಗಿ ಮೆಟ್ಟಿಕೊಳ್ಳಲಿ ಎಂದು ಅವಳ ಚಪ್ಪಲಿಯನ್ನು ಬೀದಿಯ ಕಡೆ ತಿರುಗಿಸಿ ಇಡುತ್ತಾನೆ. ಅದು ಅಜ್ಜಿ ನನ್ನ ತಲೆ ಬಾಚುತ್ತಾ ಹೇಳಿದ ಕತೆ. "ನಿಮ್ಮಜ್ಜ ಹಾಗೇ ಮಾಡೋರು ಕಣೆ."

ಅಜ್ಜಿ ಹೋಗಿ ಇವತ್ತಿಗೆ ಹದಿಮೂರು ದಿನ. ನನಗೆ ಅಳುವೂ ಬಂದಿಲ್ಲ, ಹತ್ತನೆಯ ಕಾದಂಬರಿಯ ಒಂದು ಸಾಲೂ ಬಂದಿಲ್ಲ. ತಿಥಿಯೂಟವಾದ ಮೇಲೆ ಅಜ್ಜನ ಪಕ್ಕ ಕೂತೆ.

"ಅಜ್ಜ, ಅಜ್ಜಿ ಚಪ್ಪಲಿ ತಿರುಗಿಸಿ ಇಡ್ತಿದ್ರಲ್ಲ ನೀವು, ಅದರ ಬಗ್ಗೆ ಏನಾದ್ರೂ ಹೇಳಿ. ಬರೀಬೇಕು."

ಅಜ್ಜ ಎಲೆಗೆ ಸುಣ್ಣ ಹಚ್ಚುವುದನ್ನು ನಿಲ್ಲಿಸಿದರು.

"ನಾನಾ? ಹೆಂಡ್ತಿ ಚಪ್ಪಲಿ ಮುಟ್ಟೋ ಗಂಡಸನ್ನ ಎಲ್ಲಾದ್ರೂ ನೋಡಿದೀಯೇನೇ? ಕಾದಂಬರಿ ಬರ್ದು ಬರ್ದು ತಲೆ ಕೆಟ್ಟಿದೆ ನಿಂಗೆ."

ಅಷ್ಟರಲ್ಲಿ ಎದುರು ಬೀದಿಯಲ್ಲಿ ಗಡಿಯಾರ ರಿಪೇರಿ ಮಾಡುವ ಹೊನ್ನಪ್ಪನವರು ಕೈತೊಳೆದು ಹೊರಟರು. ಸಾವಿನ ಮನೆಯಲ್ಲಿ 'ಬರ್ತೀನಿ' ಎನ್ನಬಾರದಲ್ಲ, ಏನೂ ಹೇಳದೆ ಮೆಟ್ಟಿಲಿಳಿದರು. ಅಜ್ಜಿಯ ಚಪ್ಪಲಿ ಇನ್ನೂ ಅಲ್ಲೇ ಇತ್ತು. ಆ ವಯಸ್ಸಿನಲ್ಲೂ ಹೊನ್ನಪ್ಪನವರು ಗೋಡೆ ಹಿಡಿದು ಕಷ್ಟಪಟ್ಟು ಬಗ್ಗಿ, ಎರಡನ್ನೂ ಬೀದಿಯ ಕಡೆ ತಿರುಗಿಸಿ ಇಟ್ಟರು.